ಗದ್ದೆ ಬಯಲಿನ ನೀರಿನ ಲೆಕ್ಕ

ಓಯಸಿಸ್ ಎಂದೊಡನೆ ಮಕ್ಕಳಿಗೆ ನೆನಪಾಗುವುದು ಭೂಗೋಳ ಪುಸ್ತಕದ ಚಿತ್ರ. ಸುತ್ತ ಮರಳು, ನಡುವೆ ಒಂದು ಕೊಳ, ದಂಡೆಯಲ್ಲಿ ನಾಲ್ಕಾರು ಖರ್ಜೂರದ ಮರ, ಪಕ್ಕದಲ್ಲೊಂದು ಒಂಟೆ. ಆದರೆ ದೊಡ್ಡ ಓಯಸಿಸ್‌ಗಳು ಬರೀ ಪ್ರಕೃತಿಯ ಕೊಡುಗೆಯಲ್ಲ. ತಗ್ಗಿನಲ್ಲಿ ಉಕ್ಕಿದ ನೀರಿಗೆ ಕಾಲುವೆ ತೋಡಿ, ಅದನ್ನು ಹಂಚಿಕೊಂಡು, ಖರ್ಜೂರದ ನೆರಳಿನಲ್ಲಿ ಹಣ್ಣು ತರಕಾರಿ ಬೆಳೆದು ಜನರು ತಲೆತಲಾಂತರ ಕಾಪಾಡಿಕೊಂಡು ಬಂದ ನೆಲ ಅದು. ಬೇಸಾಯ ಬದಲಾದರೆ ಓಯಸಿಸ್ಸೂ ಬದಲಾಗುತ್ತದೆ.

ಸೌದಿ ಅರೇಬಿಯದ ಅಲ್ ಅಹ್ಸಾ ಇದಕ್ಕೊಂದು ಉದಾಹರಣೆ. ಸುಮಾರು 25 ಲಕ್ಷ ಖರ್ಜೂರದ ಮರಗಳಿರುವ ಈ ಓಯಸಿಸ್ 2018ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಿಂದೆ ಇಲ್ಲಿ ಬುಗ್ಗೆಗಳು ತಾವಾಗಿಯೇ ಉಕ್ಕುತ್ತಿದ್ದವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೊಳವೆಬಾವಿಗಳೂ ಪಂಪುಗಳೂ ಹೆಚ್ಚಿ, ಅವು ಒಂದೊಂದಾಗಿ ನಿಂತುಹೋದವು. ಈಜಿಪ್ಟಿನ ಸೀವಾದಲ್ಲಿ ಆದದ್ದು ಇದಕ್ಕೆ ವಿರುದ್ಧ. ಸಮುದ್ರಮಟ್ಟಕ್ಕಿಂತ ಕೆಳಗಿರುವ ಆ ತಗ್ಗಿನಿಂದ ನೀರು ಹೊರಹೋಗಲು ದಾರಿಯಿಲ್ಲ. ಬಾವಿಗಳು ಹೆಚ್ಚಿದಂತೆ ತೋಟಗಳಿಂದ ಬಸಿದ ನೀರು ಕೆರೆಗಳಲ್ಲಿ ತುಂಬಿ, ಆವಿಯಾಗಿ, ಉಪ್ಪನ್ನು ಮಾತ್ರ ಉಳಿಸಿತು. ಆ ಉಪ್ಪು ಮರಗಳ ಬೇರಿಗೂ ತಟ್ಟಿತು.

ಮರಳುಗಾಡಿನ ಈ ಕಥೆಗೂ ಸಕಲೇಶಪುರ, ಆಲೂರಿನ ಗುಡ್ಡಗಳಿಗೂ ಎಲ್ಲಿಯ ನಂಟು ಎಂದು ಯಾರಾದರೂ ಕೇಳಿಯಾರು. ಸಕಲೇಶಪುರದ ಘಟ್ಟದ ಅಂಚಿನಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ನಿಜ. ಆದರೆ ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬಂದುಹೋಗುತ್ತದೆ. ಪೂರ್ವಕ್ಕೆ, ಆಲೂರಿನ ಕಡೆ ಸರಿದಂತೆ ಮಳೆಯೂ ಕಡಿಮೆ. ಡಿಸೆಂಬರ್ ಕಳೆದರೆ ಕಾಫಿಯ ಹೂಮಳೆ ಬರುವವರೆಗೆ ಆಕಾಶ ನೋಡುತ್ತಾ ಕೂರಬೇಕು. ಆಗ ಗುಡ್ಡದ ನೆತ್ತಿಯ ಹುಲ್ಲು ಒಣಗಿ ಕಂದಾಗುತ್ತದೆ. ಎರಡು ಗುಡ್ಡಗಳ ನಡುವಿನ ಗದ್ದೆ ಬಯಲಿನಲ್ಲಿ ಮಾತ್ರ ತೇವ ಉಳಿದಿರುತ್ತದೆ, ಪಕ್ಕದ ಹಳ್ಳದಲ್ಲಿ ನೀರು ಜಿನುಗುತ್ತಿರುತ್ತದೆ. ಬೇಸಿಗೆಯ ಮಲೆನಾಡಿಗೆ ಅದೇ ಓಯಸಿಸ್.

ಈ ತೇವ ಉಳಿಯುವುದು ಹೇಗೆ? ಮೇಲಿನ ಕಾಡು, ಹುಲ್ಲುಗಾವಲು ಮಳೆಯನ್ನು ನೆಲಕ್ಕೆ ಇಂಗಿಸುತ್ತವೆ. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಬದು ಕಟ್ಟಿದ ಗದ್ದೆಗಳು ಹರಿದುಬಂದ ನೀರನ್ನು ತಡೆದು ನಿಲ್ಲಿಸುತ್ತವೆ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದರಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಎಷ್ಟಾಯಿತು? ವಿದ್ಯಾರ್ಥಿಗಳು ಗುಣಿಸಿ ನೋಡಲಿ: ಸುಮಾರು 4 ಲಕ್ಷ ಲೀಟರ್. ಎಂದರೆ 10,000 ಲೀಟರಿನ 40 ಟ್ಯಾಂಕರ್. ನಾಟಿಯಿಂದ ಪೈರು ಬಲಿಯುವವರೆಗೆ ಗದ್ದೆಯಲ್ಲಿ ಹೀಗೆ ನೀರು ನಿಂತು, ಅದರಲ್ಲೊಂದು ಪಾಲು ಮೆಲ್ಲಗೆ ಇಂಗಿ ಬಾವಿಗೂ ಹಳ್ಳಕ್ಕೂ ಸೇರುತ್ತದೆ.

ಸಕಲೇಶಪುರದ ಸೀಮೆಗೆ ಮಂಜರಾಬಾದ್ ಎಂಬ ಹೆಸರಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಪ್ಲಾಂಟರುಗಳು ಇಲ್ಲಿ ಕಾಫಿ ತೋಟಗಳನ್ನು ತೆರೆದರು. ಅವರಲ್ಲೊಬ್ಬನಾದ ರಾಬರ್ಟ್ ಎಲಿಯಟ್, ಕಾಫಿಗೆ ಮರಗಳ ನೆರಳು ಬೇಕೇಬೇಕೆಂದು 1894ರ ತನ್ನ ಪುಸ್ತಕದಲ್ಲಿ ಒತ್ತಿ ಹೇಳಿದ. ಇಳಿಜಾರಿನ ಕಾಡು ಹೀಗೆ ನೆರಳಿನ ತೋಟವಾಯಿತು. ತಗ್ಗಿನ ಗದ್ದೆ ಗದ್ದೆಯಾಗಿಯೇ ಉಳಿಯಿತು. ಮೇಲೆ ಕಾಫಿ, ಕೆಳಗೆ ಭತ್ತ ಎಂಬ ಈ ಹೊಂದಾಣಿಕೆ ಬಹುಕಾಲ ನಡೆಯಿತು.

ಈಚಿನ ದಶಕಗಳಲ್ಲಿ ಅದು ಸಡಿಲವಾಗುತ್ತಿದೆ. ನಾಟಿಗೆ, ಕೊಯ್ಲಿಗೆ ಆಳು ಸಿಗುವುದಿಲ್ಲ. ತೆನೆ ಕಟ್ಟುವ ಹೊತ್ತಿಗೆ ಆನೆ ಇಳಿಯುತ್ತದೆ. ಆಲೂರು ಭಾಗದಲ್ಲಿ 2014ರಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರೂ ಕಾಟ ತಪ್ಪಲಿಲ್ಲ. ಕೆಲವರು ಗದ್ದೆಯನ್ನು ಪಾಳು ಬಿಟ್ಟಿದ್ದಾರೆ. ನೋಡುವವರಿಲ್ಲದೆ ಅದರ ಬದು ಒಡೆಯುತ್ತದೆ. ಇನ್ನು ಕೆಲವರು ಶುಂಠಿ, ಅಡಿಕೆ ಹಾಕಿದ್ದಾರೆ. ಈ ಬೆಳೆಗಳ ಬೇರಿಗೆ ನಿಂತ ನೀರು ಆಗದು. ಬಸಿಗಾಲುವೆ ತೋಡಿ ನೀರನ್ನು ಹೊರಹಾಕಲೇಬೇಕು. ಹಿಂದೆ ನೀರು ಹಿಡಿದಿಡುತ್ತಿದ್ದ ನೆಲ ಈಗ ನೀರನ್ನು ಸಾಗಹಾಕುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಹೂವಿಗೆಂದು ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗುವಾಗ, ಹಳ್ಳದ ನೀರು ತೀರ ಇಳಿದಿರುತ್ತದೆ.

ಇದಕ್ಕೆ ರೈತನನ್ನು ದೂರಿ ಫಲವಿಲ್ಲ. ಮಕ್ಕಳ ಫೀಜು ಕಟ್ಟಬೇಕಾದವನು ನಷ್ಟದ ಭತ್ತವನ್ನೇ ಬೆಳೆಯಬೇಕೆಂದು ಹೇಳುವುದು ಸುಲಭ, ಬೆಳೆಯುವುದು ಕಷ್ಟ. ಈ ಹಳ್ಳಗಳಲ್ಲಿ ಅನೇಕವು ಹೇಮಾವತಿಗೆ ಸೇರಿ, ಗೊರೂರಿನ ಅಣೆಕಟ್ಟೆಯಿಂದ ಹಾಸನ, ಮಂಡ್ಯ, ತುಮಕೂರಿನ ಹೊಲಗಳಿಗೆ ಹರಿಯುತ್ತವೆ. ಕೆಳಗಿನವರಿಗಾಗಿ ನೀರು ಹಿಡಿದಿಡುವ ಮೇಲಿನವನಿಗೆ ಏನು ಸಿಕ್ಕಿತು ಎಂಬ ಪ್ರಶ್ನೆ ನ್ಯಾಯವಾದದ್ದು. ನೆರೆಯ ಕೇರಳ 2008ರಲ್ಲಿ ಭತ್ತದ ಗದ್ದೆಗಳ ರಕ್ಷಣೆಗೆ ಕಾನೂನು ತಂದಿತು. 2020ರಲ್ಲಿ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ 2,000 ರೂಪಾಯಿ ಕೊಡಲು ಆರಂಭಿಸಿತು. ಮೊತ್ತ ಸಣ್ಣದು, ಆದರೆ ಗದ್ದೆ ಅಕ್ಕಿಯ ಜೊತೆಗೆ ನೀರನ್ನೂ ಬೆಳೆಯುತ್ತದೆ ಎಂದು ಸರ್ಕಾರವೊಂದು ಒಪ್ಪಿಕೊಂಡಂತಾಯಿತು.

ಮುಂದಿನ ರಜೆಯಲ್ಲಿ ಊರಿಗೆ ಹೋದ ಮಕ್ಕಳು ಅಜ್ಜನನ್ನೋ ಅಜ್ಜಿಯನ್ನೋ ಒಂದು ಮಾತು ಕೇಳಲಿ: ನಿಮ್ಮ ಕಾಲದಲ್ಲಿ ಮನೆ ಕೆಳಗಿನ ಹಳ್ಳ ಯಾವ ತಿಂಗಳಲ್ಲಿ ನಿಲ್ಲುತ್ತಿತ್ತು? ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಈ ವರ್ಷ ನಿಂತ ದಿನವನ್ನೂ ಅದರ ಪಕ್ಕದಲ್ಲಿ ಬರೆಯಲಿ. ಅಪ್ಪ ಅಮ್ಮಂದಿರೂ ಜೊತೆಗೆ ಕುಳಿತು ಆ ಎರಡು ಸಾಲುಗಳನ್ನು ಓದಲಿ.