ಗೆಲಾಕ್ಸಿಯ ಫೋಟೋ ಬಿಡಿ, ಗೆರೆ ನೋಡಿ (ಕಂತು 9)

ಈ ಸಲ ಸ್ಲೈಡ್‌ನಲ್ಲಿ ಬಣ್ಣದ ಸುರುಳಿ ಇಲ್ಲ. ಹಲ್ಲು ಹಲ್ಲಾಗಿರೋ ಒಂದು ಗ್ರಾಫ್ ಇದೆ, ಅಷ್ಟೇ. ದಾಟಿ ಹೋಗಬೇಡಿ, ನನ್ನ ತಕರಾರು ಇರೋದೇ ಅಲ್ಲಿ: ಖಗೋಳವನ್ನ ನಾವು ವಾಲ್‌ಪೇಪರ್ ಮಾಡಿಬಿಟ್ಟಿದ್ದೀವಿ.

ಈ ಗೆಲಾಕ್ಸಿಯ ಹೆಸರು ಐರಾಸ್ 08572+3915. 1983ರಲ್ಲಿ ಹಾರಿದ ಐರಾಸ್ ಅನ್ನೋ ಅವಕೆಂಪು ಉಪಗ್ರಹ ಕೊಟ್ಟ ಹೆಸರು. ಆ ಅಂಕಿಗಳು ಆಕಾಶದಲ್ಲಿ ಅದರ ವಿಳಾಸ. ದೂರ ಸುಮಾರು 80 ಕೋಟಿ ಜ್ಯೋತಿರ್ವರ್ಷ. ಎರಡು ಗೆಲಾಕ್ಸಿಗಳು ಡಿಕ್ಕಿಯಾಗಿ ಒಂದಾಗ್ತಿವೆ. ಹೊಮ್ಮೋ ಶಕ್ತಿ ಸೂರ್ಯನ ಲಕ್ಷ ಕೋಟಿ ಪಟ್ಟಿಗೂ ಹೆಚ್ಚು. ಫೋಟೋದಲ್ಲಿ ಮಾತ್ರ ಮಸುಕು ಮಚ್ಚೆ, ಕೇಂದ್ರವನ್ನ ಅಷ್ಟು ದೂಳು ಮುಚ್ಚಿದೆ.

ಹವಾಯಿಯ ಮೌನಾ ಕೀ ಮೇಲಿರೋ ಜಪಾನಿನ 8.2 ಮೀಟರ್ ಸುಬಾರು ದೂರದರ್ಶಕ ಆ ಕೇಂದ್ರದ ಅವಕೆಂಪು ಬೆಳಕನ್ನ ಬಿಡಿಸಿ ನೋಡಿತು. ಒಳಗಿನ ಕಾದ ದೂಳು 5 ಮೈಕ್ರಾನ್ ಆಸುಪಾಸು ಹೊಳೆಯುತ್ತೆ. ಅದರ ಮುಂದಿರೋ ಅನಿಲದಲ್ಲಿನ ಕಾರ್ಬನ್ ಮಾನಾಕ್ಸೈಡ್ ಅಣುಗಳು ತಮಗೆ ಬೇಕಾದ ತರಂಗಾಂತರ ಮಾತ್ರ ಹೀರ್ತವೆ. ಹೀರಿದ ಕಡೆಯೆಲ್ಲ ಗೆರೆಯಲ್ಲಿ ಒಂದು ಕಚ್ಚು. ಒಟ್ಟಾರೆ ಬಾಚಣಿಗೆ ಥರ ಕಾಣುತ್ತೆ.

ಅನಿಲ ತಣ್ಣಗಿದ್ರೆ ನಡುವೆ ನಾಲ್ಕಾರು ಹಲ್ಲು. ಬಿಸಿ ಏರಿದಷ್ಟೂ ಅಣುಗಳು ಜೋರಾಗಿ ತಿರುಗ್ತವೆ, ಹಲ್ಲಿನ ಸಾಲು ಎರಡೂ ಕಡೆ ಉದ್ದವಾಗುತ್ತೆ. ಇಲ್ಲಿ ಸಾಲು ಉದ್ದಕ್ಕೇ ಇದೆ, ಅಂದ್ರೆ ಅನಿಲ ನೂರಾರು ಕೆಲ್ವಿನ್ ಬಿಸಿ. ಸಾಮಾನ್ಯ ಅಣುಮೋಡ 10–20 ಕೆಲ್ವಿನ್ ಇರುತ್ತೆ. ಜೊತೆಗೆ ಹಲ್ಲುಗಳು ಜಾಗ ಬಿಟ್ಟು ಸರಿದಿವೆ: ಅನಿಲದ ಒಂದು ಪಾಲು ಸೆಕೆಂಡಿಗೆ ಸುಮಾರು 160 ಕಿ.ಮೀ. ವೇಗದಲ್ಲಿ ನಮ್ಮ ಕಡೆ, ಇನ್ನೊಂದು ಸುಮಾರು 100 ಕಿ.ಮೀ. ವೇಗದಲ್ಲಿ ಆ ಕಡೆ. ನಮಗೂ ಕೇಂದ್ರಕ್ಕೂ ನಡುವೆ ಇರೋ ಅನಿಲ ಆ ಕಡೆ ಹೋಗ್ತಿದೆ ಅಂದ್ರೆ ಒಳಕ್ಕೆ ಬೀಳ್ತಿದೆ ಅಂತ ಓದಬಹುದು. ಉಣ್ಣೋದೂ ಉಗುಳೋದೂ ಒಂದೇ ಗೆರೆಯಲ್ಲಿ!

ಇಷ್ಟು ಅನಿಲ ಕಾಯಿಸೋದು ಬರೀ ನಕ್ಷತ್ರಗಳ ಕೈಲಿ ಆಗಲ್ಲ, ಒಳಗೆ ಕಪ್ಪುಕುಳಿ ಇದೆ ಅನ್ನೋದು ವಾದ. ಎಕ್ಸ್-ರೇಯಲ್ಲಿ ಈ ಕೇಂದ್ರ ತೀರಾ ಮಂಕು, ಹಾಗಾಗಿ ಈ ಕಚ್ಚುಗಳ ಸಾಕ್ಷಿಗೆ ತೂಕ ಜಾಸ್ತಿ.

ವೆಬ್ ದೂರದರ್ಶಕದ ಚಿತ್ರಗಳ ಬಣ್ಣ ಅವಕೆಂಪಿಗೆ ನಾವು ಹೊಂದಿಸಿ ಕೊಟ್ಟಿದ್ದು. ಅದು ಮೋಸ ಅಲ್ಲ, ನನಗೂ ಇಷ್ಟವೇ. ಆದರೆ ಚಿತ್ರ ಹಾಕಿ, ಮೇಲೆ 'ಅದ್ಭುತ' ಅಂತ ಬರೆದು ಕೈತೊಳೆದುಕೊಂಡ್ರೆ ಓದುಗರಿಗೆ ಸಿಕ್ಕಿದ್ದೇನು? ಬಿಸಿ ಎಷ್ಟು, ವೇಗ ಎಷ್ಟು, ಅದು ಹೇಗೆ ಗೊತ್ತಾಯ್ತು, ಯಾವುದೂ ಇಲ್ಲ. ಗ್ರಾಫ್ ಹಾಕಿದ್ರೆ ಜನ ನೋಡಲ್ಲ ಅಂತಾರೆ. ಷೇರು ಪೇಟೆಯ ಗೆರೆ, ಕ್ರಿಕೆಟ್ಟಿನ ರನ್ ರೇಟ್ ಗೆರೆ ನೋಡಿ ಜಗಳ ಆಡೋರು ಇದೇ ಜನ ತಾನೆ? ಪಿಯುಸಿಯಲ್ಲಿ ಡಾಪ್ಲರ್ ಅಂದ್ರೆ ಆಂಬ್ಯುಲೆನ್ಸ್ ಸೈರನ್ ಆಗಿತ್ತು. ಕಪ್ಪುಕುಳಿಯ ಬಾಗಿಲಿನ ಅನಿಲಕ್ಕೂ ಅದೇ ಸೂತ್ರ ಅಂತ ಮಕ್ಕಳಿಗೆ ಯಾರು ಹೇಳಬೇಕು?

ಎರಡನೇ ಸ್ಲೈಡ್‌ನಲ್ಲಿ ಹಲ್ಲುಗಳಿಗೆ ನಂಬರ್ ಹಾಕಿದ್ದೀನಿ. ಮೇಷ್ಟ್ರುಗಳು ಯಾರಾದ್ರೂ ಇದ್ರೆ ಧಾರಾಳವಾಗಿ ತಗೊಂಡು ಹೋಗಿ ಬೋರ್ಡ್ ಮೇಲೆ ಬರೀರಿ.