ಗಾಳಕ್ಕೆ ಸಿಕ್ಕ ಹುಳು, ಹುಳುವಿಗೆ ಸಿಕ್ಕ ಕಾಡು

ಅಮೆರಿಕದ ಉತ್ತರ ಅಂಚಿನಲ್ಲಿ, ಕೆನಡಾ ದೇಶಕ್ಕೆ ತಾಗಿಕೊಂಡಂತೆ ಮಿನ್ನೆಸೋಟಾ ಎಂಬ ರಾಜ್ಯವಿದೆ. 'ಹತ್ತು ಸಾವಿರ ಸರೋವರಗಳ ನಾಡು' ಎಂಬುದು ಅದರ ಬಿರುದು. ಬಿರುದಿನಲ್ಲಿ ಉತ್ಪ್ರೇಕ್ಷೆಯಿಲ್ಲ. ನಾಲ್ಕು ಹೆಕ್ಟೇರಿಗಿಂತ ದೊಡ್ಡ ಸರೋವರಗಳನ್ನಷ್ಟೇ ಎಣಿಸಿದರೂ ಲೆಕ್ಕ 11,842ಕ್ಕೆ ಮುಟ್ಟುತ್ತದೆ. ಚಳಿಗಾಲದುದ್ದಕ್ಕೂ ಹೆಪ್ಪುಗಟ್ಟಿದ್ದ ನೀರು ಕರಗಿ, ಮೇ ತಿಂಗಳ ನಡುವಿನಲ್ಲಿ ಮೀನು ಹಿಡಿಯುವ ಋತು ಆರಂಭವಾಯಿತೆಂದರೆ ಅಲ್ಲಿ ಹಬ್ಬವೋ ಹಬ್ಬ. ಅಜ್ಜ, ಅಪ್ಪ, ಮಕ್ಕಳು ಎನ್ನದೆ ಎಲ್ಲರೂ ಕಾರಿನ ಹಿಂದೆ ದೋಣಿ ಕಟ್ಟಿಕೊಂಡು ಹೊರಡುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮೀನಿನ ಹೆಸರು: ವಾಲ್‌ಐ. 1965ರಿಂದ ಅದೇ ಆ ರಾಜ್ಯದ ಅಧಿಕೃತ ಮೀನು.

ಕತ್ತಲೆಯಲ್ಲಿ ಬೆಕ್ಕಿನ ಕಣ್ಣು ಹೊಳೆಯುವುದನ್ನು ನೀವು ನೋಡಿದ್ದೀರಿ. ವಾಲ್‌ಐ ಮೀನಿನ ಕಣ್ಣೂ ಹಾಗೆಯೇ. ಅಕ್ಷಿಪಟಲದ ಹಿಂದೆ ಕನ್ನಡಿಯಂತೆ ಕೆಲಸ ಮಾಡುವ ಒಂದು ಪದರವಿದೆ. ಒಮ್ಮೆ ಒಳಹೊಕ್ಕ ಬೆಳಕನ್ನು ಅದು ಮತ್ತೆ ಅಕ್ಷಿಪಟಲದ ಮೇಲೆ ಚೆಲ್ಲುವುದರಿಂದ ಮಸುಕು ಬೆಳಕಿನಲ್ಲೂ ಮೀನಿಗೆ ಬೇಟೆ ಕಾಣಿಸುತ್ತದೆ. ಮುಂಜಾವು, ಮುಸ್ಸಂಜೆಗಳೇ ಅದರ ಊಟದ ಹೊತ್ತು. ನಡುಹಗಲಿನ ಪ್ರಖರ ಬೆಳಕು ಅದಕ್ಕೆ ಆಗದು. ಆಗ ಅದು ಆಳಕ್ಕಿಳಿದು ತಳದ ಹತ್ತಿರವೇ ಇರುತ್ತದೆ.

ಗಾಳ ಹಾಕುವವನಿಗೆ ಇಲ್ಲೇ ಒಂದು ತೊಡಕು. ಮೀನು ತಳದಲ್ಲಿರುವುದರಿಂದ ಎರೆಯನ್ನು ತಳಕ್ಕಿಳಿಸಲೇಬೇಕು. ಅದಕ್ಕೆ ಭಾರ ಬೇಕು. ಆದರೆ ತಳಕ್ಕಿಳಿದ ಎರೆ ಕಲ್ಲಿನ ಸಂದಿಯಲ್ಲೋ ಪಾಚಿಯಲ್ಲೋ ಹುದುಗಿಬಿಟ್ಟರೆ ಮೀನಿಗೆ ಕಾಣುವುದಿಲ್ಲ. ಆದ್ದರಿಂದ ಭಾರ ಬೇಡ! ಭಾರ ಬೇಕು, ಭಾರ ಬೇಡ ಎಂಬ ಈ ಒಗಟಿಗೆ ಅಲ್ಲಿನವರು ಕಂಡುಕೊಂಡ ಉತ್ತರಗಳಲ್ಲಿ ಒಂದು ತೇಲುವ ಜಿಗ್.

ಸಾಧಾರಣ ಜಿಗ್ ಎಂದರೆ ಕೊಕ್ಕೆಯ ತಲೆಗೆ ಸೀಸದ ಗುಂಡು ಎರಕ ಹೊಯ್ದ ಗಾಳ. ತೇಲುವ ಜಿಗ್‌ನಲ್ಲಿ ಸೀಸದ ಜಾಗದಲ್ಲಿ ಬಟಾಣಿ ಗಾತ್ರದ, ಬೆಂಡಿನಂತೆ ಹಗುರವಾದ ಬಣ್ಣದ ಗುಂಡು ಇರುತ್ತದೆ. ಭಾರವನ್ನು ಪೂರ್ತಿ ಬಿಟ್ಟಿಲ್ಲ, ಅದರ ಜಾಗ ಬದಲಿಸಿದ್ದಾರೆ ಅಷ್ಟೆ. ಕೊಕ್ಕೆಯಿಂದ ಎರಡು ಮೂರು ಅಡಿ ಹಿಂದೆ, ದಾರಕ್ಕೆ ಒಂದು ತೂಕದ ಗುಂಡನ್ನು ಪೋಣಿಸುತ್ತಾರೆ. ಗುಂಡು ತಳದ ಮೇಲೆ ಉರುಳುತ್ತಾ ಸಾಗುತ್ತದೆ, ಅದರ ಹಿಂದಿನ ತುಂಡು ದಾರದ ತುದಿಯಲ್ಲಿ ಜಿಗ್ ಗಾಳಿಪಟದಂತೆ ಮೇಲೆದ್ದು ಎರೆಯನ್ನು ಮೀನಿನ ಕಣ್ಣ ಮುಂದೆ ಹಿಡಿಯುತ್ತದೆ.

ಆರ್ಕಿಮಿಡೀಸನ ನಿಯಮವನ್ನು ಇಲ್ಲಿ ಲೆಕ್ಕ ಹಾಕಿ ನೋಡಬಹುದು. ಎಂಟು ಮಿಲಿಮೀಟರ್ ವ್ಯಾಸದ ಗುಂಡಿನ ಗಾತ್ರ ಸುಮಾರು 0.27 ಘನ ಸೆಂಟಿಮೀಟರ್. ಅಂದರೆ ಅದು ಪಕ್ಕಕ್ಕೆ ಸರಿಸುವ ನೀರಿನ ತೂಕ 0.27 ಗ್ರಾಂ. ಗುಂಡಿನ ಸ್ವಂತ ತೂಕ, ಕೊಕ್ಕೆಯ ತೂಕ ಎರಡನ್ನೂ ಕಳೆದ ಮೇಲೆ ಉಳಿಯುವುದು ಅತ್ಯಲ್ಪ. ಅಷ್ಟರಲ್ಲೇ ಎರೆಯನ್ನೂ ಎತ್ತಿ ಹಿಡಿಯಬೇಕು. ಆದ್ದರಿಂದಲೇ ಬಲ್ಲವರು ದೊಡ್ಡ ಕೊಕ್ಕೆಯನ್ನೂ ದಪ್ಪನೆಯ ಎರೆಯನ್ನೂ ಇದಕ್ಕೆ ಬಳಸುವುದಿಲ್ಲ. ದೋಣಿಯನ್ನು ವೇಗವಾಗಿ ಓಡಿಸುವುದೂ ಇಲ್ಲ. ವೇಗ ಹೆಚ್ಚಿದರೆ ನೀರಿನ ಸೆಳೆತಕ್ಕೆ ದಾರ ಮಲಗಿಬಿಡುತ್ತದೆ. ನಿಧಾನಿಸಿದಷ್ಟೂ ಎರೆ ಮೇಲೇಳುತ್ತದೆ.

ತೂಕದ ಗುಂಡಿನಲ್ಲೂ ಒಂದು ಉಪಾಯವಿದೆ. ಅದನ್ನು ದಾರಕ್ಕೆ ಬಿಗಿದು ಕಟ್ಟುವುದಿಲ್ಲ. ಮೀನು ಎರೆಯನ್ನು ಕಚ್ಚಿ ಎಳೆದಾಗ ದಾರ ಗುಂಡಿನ ತೂತಿನೊಳಗಿಂದ ಸಲೀಸಾಗಿ ಜಾರುತ್ತದೆ. ಮೀನಿಗೆ ಭಾರ ತಾಗದು, ಅನುಮಾನವೂ ಬಾರದು. ಗಾಳದವನು ಕೆಲವು ಕ್ಷಣ ದಾರ ಬಿಟ್ಟುಕೊಟ್ಟು, ಮೀನು ಎರೆಯನ್ನು ಬಾಯಿತುಂಬ ತೆಗೆದುಕೊಂಡ ಮೇಲೆ ಕೋಲನ್ನು ಸೆಳೆಯುತ್ತಾನೆ.

ಎರೆಯೂ ಜೀವಂತವಾಗಿರಬೇಕು. ಮುಖ್ಯವಾಗಿ ಬಳಕೆಯಲ್ಲಿರುವುದು ಮೂರು ಬಗೆ: ಸಣ್ಣ ಮೀನು, ಜಿಗಣೆ, ಎರೆಹುಳು. ಸಣ್ಣ ಮೀನನ್ನು ತುಟಿಗೆ ಚುಚ್ಚುತ್ತಾರೆ. ಜಿಗಣೆಯನ್ನು ಅದರ ಹೀರುಬಟ್ಟಲಿನ ಬಳಿ ಸಿಕ್ಕಿಸಿದರೆ ನೀರಿನಲ್ಲಿ ರಿಬ್ಬನ್ನಿನಂತೆ ತಾನೇ ಈಜುತ್ತಿರುತ್ತದೆ. ಎರೆಹುಳುವಿಗೆ ತಲೆಯ ತುದಿಯಲ್ಲಿ ಒಂದೇ ಚುಚ್ಚು, ಉಳಿದ ಮೈ ಹಿಂದೆ ಬಾಲದಂತೆ ತೂಗಾಡಬೇಕು. ಕೆಲವರು ಹುಳುವಿನ ಮೈಗೆ ಸಿರಿಂಜಿನಿಂದ ಒಂದಿಷ್ಟು ಗಾಳಿ ತುಂಬಿ ಅದನ್ನೂ ತೇಲಿಸುತ್ತಾರೆ.

ಕನ್ನಡದಲ್ಲಿ 'ಎರೆ' ಎಂದರೆ ಗಾಳಕ್ಕೆ ಸಿಕ್ಕಿಸುವ ಆಹಾರ. ಮಿನ್ನೆಸೋಟಾದಲ್ಲೂ ಹುಳುವಿನ ಕೆಲಸ ಅದೇ. ಅಲ್ಲಿನ ಗಾಳದ ಹುಳುವನ್ನು ನೈಟ್‌ಕ್ರಾಲರ್ ಎನ್ನುತ್ತಾರೆ. ಅದು ರಾತ್ರಿ ಬಿಲದಿಂದ ಹೊರಬರುವ ದಪ್ಪ ಎರೆಹುಳು. ಇವುಗಳಲ್ಲಿ ಬಹುಪಾಲು ಬರುವುದು ಕೆನಡಾದ ಒಂಟಾರಿಯೋ ಪ್ರಾಂತ್ಯದ ಹೊಲಗಳಿಂದ. ಹಣೆಗೆ ದೀಪ, ಕಾಲಿಗೆ ಡಬ್ಬಿ ಕಟ್ಟಿಕೊಂಡ ಕೂಲಿಯವರು ರಾತ್ರಿಯಿಡೀ ಬಾಗಿ ಕೈಯಿಂದಲೇ ಅವನ್ನು ಹೆಕ್ಕುತ್ತಾರೆ. ಡಜನ್ ಲೆಕ್ಕದಲ್ಲಿ ಡಬ್ಬಿ ತುಂಬಿದ ಹುಳುಗಳು ಸರೋವರದ ಬದಿಯ ಅಂಗಡಿಗಳನ್ನು ಸೇರುತ್ತವೆ.

ಸಂಜೆ ಬೇಟೆ ಮುಗಿಯಿತು. ಡಬ್ಬಿಯಲ್ಲಿ ಇನ್ನೂ ನಾಲ್ಕು ಹುಳುಗಳು ಉಳಿದಿವೆ. ಏನು ಮಾಡುವುದು? 'ಪಾಪ, ಬದುಕಿಕೊಳ್ಳಲಿ' ಎಂದು ದಡದ ಮರದ ಬುಡಕ್ಕೆ ಸುರಿದುಬಿಡುವುದು ಎಷ್ಟೋ ಜನರ ರೂಢಿ. ಹುಳುವಿಗೂ ಲೇಸು, ಮಣ್ಣಿಗೂ ಲೇಸು. ಎರೆಹುಳು ರೈತನ ಮಿತ್ರ ಎಂದು ಶಾಲೆಯಲ್ಲಿ ಓದಿದವರಿಗೆ ಇದರಲ್ಲಿ ತಪ್ಪೇನೂ ಕಾಣದು. ಚಾರ್ಲ್ಸ್ ಡಾರ್ವಿನ್ನನಂಥ ವಿಜ್ಞಾನಿಯೇ 1881ರಲ್ಲಿ ಎರೆಹುಳುಗಳ ಮೇಲೆ ಒಂದು ಇಡೀ ಪುಸ್ತಕ ಬರೆದು, ಮನುಷ್ಯನ ನೇಗಿಲಿಗಿಂತ ಮೊದಲೇ ಭೂಮಿಯನ್ನು ಉತ್ತ ಜೀವಿ ಎಂದು ಹೊಗಳಿದ್ದ. ಡಾರ್ವಿನ್ ಹೊಗಳಿದ ಇಂಗ್ಲೆಂಡಿನ ಹುಳುಗಳೂ ಈ ನೈಟ್‌ಕ್ರಾಲರ್‌ಗಳೂ ಒಂದೇ ಕುಲದವು.

ಆದರೆ ಮಿನ್ನೆಸೋಟಾದ ಮಣ್ಣಿನ ಚರಿತ್ರೆಯೇ ಬೇರೆ. 10,000 ವರ್ಷಗಳಿಗೂ ಹಿಂದೆ, ಹಿಮಯುಗದಲ್ಲಿ, ಆ ಪ್ರದೇಶವನ್ನು ಭಾರೀ ಹಿಮಗಡ್ಡೆಗಳು ಮುಚ್ಚಿದ್ದವು. ಹಿಮ ಕರಗಿ ಹಿಂದೆ ಸರಿದಾಗ ಅಲ್ಲಿ ಎರೆಹುಳುಗಳಿರಲಿಲ್ಲ. ಆಮೇಲೆ ಎದ್ದ ಕಾಡು ಎರೆಹುಳುವಿನ ಗಂಧವಿಲ್ಲದೆಯೇ ಬೆಳೆದ ಕಾಡು. ಅಲ್ಲಿ ಈಗ ಕಾಣುವ ಎರೆಹುಳುಗಳೆಲ್ಲ ವಲಸಿಗರ ಗಿಡಗಳ ಬೇರಿನ ಮಣ್ಣು, ಹಡಗಿನ ಮಣ್ಣು ಇತ್ಯಾದಿಗಳ ಜೊತೆ ಹೊರಗಿನಿಂದ ಬಂದವು.

ಹುಳುವಿಲ್ಲದ ಆ ತಂಪು ಕಾಡಿನಲ್ಲಿ ತರಗೆಲೆ ಬೇಗ ಕೊಳೆಯುವುದಿಲ್ಲ. ಶಿಲೀಂಧ್ರ, ಬ್ಯಾಕ್ಟೀರಿಯಗಳು ನಿಧಾನವಾಗಿ ಕರಗಿಸುವ ಎಲೆ ವರ್ಷದಿಂದ ವರ್ಷಕ್ಕೆ ಪದರವಾಗಿ ಕೂಡಿ ಮೆತ್ತನೆಯ ಹಾಸಿಗೆಯಾಗುತ್ತದೆ. ಮೇಪಲ್ ಮರದ ಬೀಜ ಮೊಳೆಯುವುದು ಆ ಹಾಸಿಗೆಯಲ್ಲಿ. ವಸಂತದಲ್ಲಿ ಅರಳುವ ಟ್ರಿಲಿಯಂನಂಥ ಹೂಗಿಡಗಳು, ಜರೀಗಿಡಗಳು ಬೇರು ಬಿಡುವುದು ಅದರಲ್ಲಿ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಮೊಟ್ಟೆಯಿಡುವುದೂ ಅಲ್ಲೇ.

ಅಂಥ ಕಾಡಿಗೆ ಎರೆಹುಳು ನುಗ್ಗಿದರೆ ಹಾಸಿಗೆಯನ್ನೇ ತಿಂದು ಮುಗಿಸುತ್ತದೆ. ಹೊಲದಲ್ಲಿ ವರವಾದ ಗುಣವೇ ಇಲ್ಲಿ ಶಾಪ. ಮಿನ್ನೆಸೋಟಾ ವಿಶ್ವವಿದ್ಯಾಲಯದ ಸಿಂಡಿ ಹೇಲ್, ಲೀ ಫ್ರೆಲಿಚ್ ಮೊದಲಾದವರು ಚಿಪ್ಪೆವಾ ರಾಷ್ಟ್ರೀಯ ಅರಣ್ಯದಲ್ಲಿ ಹುಳುಗಳು ಮುನ್ನುಗ್ಗುವ ಗಡಿಯನ್ನೇ ಅಳೆದು, 2005 ಮತ್ತು 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಳು ಮುಟ್ಟದ ಕಡೆ ದಟ್ಟ ಹಾಸಿಗೆ, ತುಂಬು ಹಸಿರು. ಹುಳು ನೆಲೆಸಿದ ಕಡೆ ಬರಿಯ ಕಪ್ಪು ಮಣ್ಣು, ಬೆರಳೆಣಿಕೆಯ ಗಿಡಗಳು. ವಾಲ್‌ಐ ಮೀನಿಗೆ ಹೆಸರಾದ ಲೀಚ್ ಲೇಕ್, ಎಂದರೆ 'ಜಿಗಣೆ ಸರೋವರ', ಇರುವುದೂ ಇದೇ ಅರಣ್ಯದೊಳಗೆ.

ಹುಳು ತಾನಾಗಿ ಹೋದರೆ ಎಷ್ಟು ದೂರ ಹೋದೀತು? ನೂರು ವರ್ಷಕ್ಕೆ ಒಂದು ಕಿಲೋಮೀಟರ್ ಕೂಡ ಇಲ್ಲ. ಅದೇ ಹುಳುವನ್ನು ಡಬ್ಬಿಯಲ್ಲಿಟ್ಟು ಕಾರಿನಲ್ಲಿ ಒಯ್ದರೆ ಒಂದೇ ಬೆಳಗಿನಲ್ಲಿ ಮುನ್ನೂರು ಕಿಲೋಮೀಟರ್ ದಾಟುತ್ತದೆ. ದೋಣಿ ಇಳಿಸುವ ಕಟ್ಟೆ, ಸರೋವರದ ಬದಿಯ ವಿಹಾರಗೃಹ, ರಸ್ತೆಯ ಅಂಚು, ಇಂಥ ಜಾಗಗಳಿಂದಲೇ ಹುಳುಗಳು ಕಾಡಿನೊಳಕ್ಕೆ ಹಬ್ಬುವುದಕ್ಕೆ ಇದೇ ಕಾರಣ. ಹುಳುಗಳನ್ನು ಎತ್ತಿ ಬಿಸಾಡಿದ ಮೇಲೂ ಡಬ್ಬಿಯ ಮಣ್ಣನ್ನು ಸುರಿಯುವಂತಿಲ್ಲ. ಅದರಲ್ಲಿ ಕಣ್ಣಿಗೆ ಬೀಳದ ಮೊಟ್ಟೆಕೋಶಗಳು ಇರಬಹುದು. ಒಮ್ಮೆ ನೆಲೆಸಿದ ಹುಳುಗಳನ್ನು ಕಾಡಿನಿಂದ ತೆಗೆಯುವ ದಾರಿಯಂತೂ ಇಲ್ಲ.

ಲಂಟಾನ, ಕಾಂಗ್ರೆಸ್ ಗಿಡಗಳನ್ನು ಕಂಡ ಕನ್ನಡಿಗರಿಗೆ ಈ ಕಥೆ ಹೊಸದಲ್ಲ. ತವರಿನಲ್ಲಿ ಸಾಧುವಾದದ್ದು ಪರನಾಡಿನಲ್ಲಿ ಮಾರಿಯಾಗಬಹುದು. ನಮ್ಮ ಹೊಲಗಳ ಎರೆಹುಳುವಿನ ಮೇಲೆ ಇದರಿಂದ ಅಪವಾದವೇನೂ ಬರುವುದಿಲ್ಲ. ಇಲ್ಲಿನ ಮಣ್ಣು ಮತ್ತು ಹುಳು ಒಟ್ಟಿಗೆ ಬಾಳಿ ಬಂದವು.

ಹಾಗಾದರೆ ಗಾಳ ಹಾಕುವುದೇ ತಪ್ಪೇ? ಖಂಡಿತ ಇಲ್ಲ. ಕೊಕ್ಕೆಗೆ ಸಿಕ್ಕ ಹುಳುವಿನಿಂದ ಕಾಡಿಗೆ ಅಪಾಯವಿಲ್ಲ. ಅಪಾಯ ಬಿಟ್ಟುಬಂದ ಹುಳುವಿನಿಂದ. ದಿನಕ್ಕೆ ಎಷ್ಟು ವಾಲ್‌ಐ ಹಿಡಿಯಬಹುದು, ಎಷ್ಟುದ್ದದ್ದನ್ನು ಇಟ್ಟುಕೊಳ್ಳಬಹುದು ಎಂಬುದಕ್ಕೆ ಅಲ್ಲಿ ಕಟ್ಟುನಿಟ್ಟಾದ ಕಾನೂನಿದೆ. ಉಳಿದ ಎರೆಯ ಬಗ್ಗೆಯೂ ಮಿನ್ನೆಸೋಟಾದ ನಿಸರ್ಗ ಸಂಪನ್ಮೂಲ ಇಲಾಖೆ ಹೇಳುವುದು ಒಂದೇ ಮಾತು: ಹುಳು, ಜಿಗಣೆ, ಸಣ್ಣ ಮೀನು ಯಾವುದೇ ಇರಲಿ, ನೀರಿಗೂ ಬೇಡ, ದಡಕ್ಕೂ ಬೇಡ, ಕಸದ ತೊಟ್ಟಿಗೆ ಹಾಕಿ.

ಜೀವ ಇರುವ ಹುಳುವನ್ನು ಕಸಕ್ಕೆ ಎಸೆಯಲು ಮನಸ್ಸು ಹಿಂಜರಿಯುತ್ತದೆ ನಿಜ. ಆದರೆ ಆ ಮರದ ಬುಡದಲ್ಲಿ, ಎಲೆಯ ಹಾಸಿಗೆಯ ಮರೆಯಲ್ಲಿ, ಬೆರಳುದ್ದದ ಮೇಪಲ್ ಸಸಿಯೊಂದು ನಿಂತಿರುತ್ತದೆ. ಬಿಟ್ಟರೆ ಇನ್ನೂರು ವರ್ಷ ಬಾಳಬಲ್ಲದು. ಕರುಣೆ ತೋರುವ ಮುನ್ನ ಅದನ್ನೂ ಒಮ್ಮೆ ನೋಡಬೇಕು.