ಸೆರಗಿನ ಗಂಟು, ನೂರಾರು ಟ್ಯಾಬು

ಕಳೆದ ತಿಂಗಳು ಒಂದು ರಾತ್ರಿ ಊಟಕ್ಕೆ ಕೂತಿದ್ದಾಗ ಊರಿಂದ ಅಮ್ಮನ ಫೋನ್ ಬಂತು. "ಅಪ್ಪನ ಇನ್ಶೂರೆನ್ಸ್ ಕಟ್ಟಿದ್ಯೇನೇ?"

"ಹೂಂ ಅಮ್ಮಾ, ಓಪನ್ ಮಾಡಿಟ್ಟಿದ್ದೀನಿ."

"ಓಪನ್ ಮಾಡಿಟ್ರೆ ಕಟ್ಟಿದ ಹಾಗಾ?"

ಫೋನ್ ಇಟ್ಟು ಲ್ಯಾಪ್‌ಟಾಪ್ ತೆಗೆದೆ. ಎರಡು ವಿಂಡೋಗಳಲ್ಲಿ ಒಟ್ಟು 112 ಟ್ಯಾಬ್. ಯಾವುದರ ಹೆಸರೂ ಕಾಣಲ್ಲ, ಬರೀ ಪುಟಾಣಿ ಐಕಾನ್‌ಗಳ ಸಾಲು. ಒಂದೊಂದೇ ಒತ್ತುತ್ತಾ ಹೋಗಿ ಕೊನೆಗೆ ಪಾಲಿಸಿ ಪುಟ ಸಿಕ್ಕಿತು. ಕಟ್ಟಬೇಕಾದ ದಿನ ಕಳೆದು ಆಗಲೇ 26 ದಿನ! ಪುಣ್ಯಕ್ಕೆ 30 ದಿನಗಳ ಗ್ರೇಸ್ ಪೀರಿಯಡ್ ಇತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಪಾಲಿಸಿಯೇ ಹೋಗುತ್ತಿತ್ತು. ಶುಗರ್, ಬಿಪಿ ಎರಡೂ ಇರುವ ಅಪ್ಪನಿಗೆ ಹೊಸ ಪಾಲಿಸಿ ಅಂದರೆ ಹಳೆಯ ಕಾಯಿಲೆಗಳಿಗೆ ಮತ್ತೆ ವರ್ಷಗಟ್ಟಲೆ ಕಾಯಬೇಕು. ಆ 26 ದಿನಗಳಲ್ಲಿ ಆಸ್ಪತ್ರೆ ಸೇರಿದ್ದರೆ? ಯೋಚಿಸಿದರೆ ಈಗಲೂ ಹೊಟ್ಟೆ ತೊಳಸುತ್ತೆ. ಆ ರಾತ್ರಿಯೇ ಕಟ್ಟಿದೆ. ಅಷ್ಟರಲ್ಲಿ ಅನ್ನ ಆರಿ ಹೋಗಿತ್ತು.

ಕಂಪನಿಯವರನ್ನು ಬೈಯೋಣ ಅಂದರೆ ಅವರು ಮೂರು ಸಲ ಮೆಸೇಜ್ ಕಳಿಸಿದ್ದರು. "ಟ್ಯಾಬ್ ತೆರೆದಿದೆಯಲ್ಲ, ಕಟ್ಟಿದರಾಯ್ತು" ಅಂತ ಮೂರನ್ನೂ ಪಕ್ಕಕ್ಕೆ ತಳ್ಳಿದವಳು ನಾನೇ. ನೆನಪಿಸಲಿ ಅಂತ ಇಟ್ಟುಕೊಂಡ ಟ್ಯಾಬೇ ನನ್ನನ್ನು ನಿಶ್ಚಿಂತೆಯಾಗಿ ಮರೆಯುವ ಹಾಗೆ ಮಾಡಿತ್ತು.

ನಮ್ಮಜ್ಜಿ ಏನಾದರೂ ಮರೆಯಬಾರದು ಅಂದರೆ ಸೆರಗಿನ ತುದಿಗೆ ಒಂದು ಗಂಟು ಹಾಕುತ್ತಿದ್ದರು. ಸಂಜೆ ಗಂಟು ಕೈಗೆ ತಗುಲಿದರೆ "ಓ, ಹಾಲಿನವನಿಗೆ ದುಡ್ಡು ಕೊಡಬೇಕಿತ್ತು" ಅಂತ ನೆನಪಾಗುತ್ತಿತ್ತು. ಇದ್ದದ್ದು ಒಂದೇ ಗಂಟು, ಅದಕ್ಕೇ ಕೆಲಸ ಮಾಡುತ್ತಿತ್ತು. ನನ್ನ ಸೆರಗಿನಲ್ಲಿ 112 ಗಂಟು. ಯಾವುದು ಯಾಕೆ ಅಂತ ನನಗೇ ಗೊತ್ತಿಲ್ಲ.

ಟ್ಯಾಬ್‌ಗಳನ್ನು ಈ ಕೆಲಸಕ್ಕೆ ಮಾಡಿದ್ದೂ ಅಲ್ಲ. ಮೊದಲು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಒಂದೊಂದು ಪುಟಕ್ಕೂ ಒಂದೊಂದು ಕಿಟಕಿ ತೆರೆಯಬೇಕಿತ್ತು. ಕಿಟಕಿಗಳ ಆ ಸಂತೆ ತಪ್ಪಲಿ ಅಂತ ಬಂದದ್ದು ಟ್ಯಾಬ್. 2004ರಲ್ಲಿ ಬಂದ ಫೈರ್‌ಫಾಕ್ಸ್ ಅದನ್ನು ಜನಪ್ರಿಯ ಮಾಡಿತು, 2006ರಲ್ಲಿ ಎಕ್ಸ್‌ಪ್ಲೋರರ್ ಕೂಡ ಅದೇ ದಾರಿ ಹಿಡಿಯಿತು. ಎಂಟು ಹತ್ತು ಪುಟಗಳಿಗೆ ಹೇಳಿ ಮಾಡಿಸಿದ ಆ ಪಟ್ಟಿ ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇದೆ. ಬದಲಾಗಿದ್ದು ನಾವು. ಮಾಡಬೇಕಾದ ಕೆಲಸ, ಓದಬೇಕಾದ ಲೇಖನ, ಕೊಳ್ಳಬೇಕು ಅನ್ನಿಸಿದ ಕುಕ್ಕರ್, ಎಲ್ಲವನ್ನೂ ಅಲ್ಲೇ ತುರುಕುತ್ತೇವೆ. ಬ್ರೌಸರ್ ಕಣ್ಣಿಗೆ ಎಲ್ಲವೂ ಒಂದೇ.

ಸುಧಾರಿಸುವ ಪ್ರಯತ್ನ ಆಗಿಲ್ಲ ಅಂತಲ್ಲ. ಫೈರ್‌ಫಾಕ್ಸ್ 2011ರಲ್ಲೇ ಟ್ಯಾಬ್‌ಗಳನ್ನು ಗುಂಪು ಮಾಡುವ ಸೌಲಭ್ಯ ಕೊಟ್ಟಿತ್ತು. ಬಳಸುವವರು ಕಡಿಮೆ ಅಂತ 2016ರಲ್ಲಿ ತೆಗೆದು, 2025ರಲ್ಲಿ ಹೊಸ ರೂಪದಲ್ಲಿ ಮತ್ತೆ ತಂದಿತು. ಕ್ರೋಮ್‌ಗೆ ಗುಂಪುಗಳು 2020ರಲ್ಲಿ ಬಂದವು. ಮುಟ್ಟದ ಟ್ಯಾಬ್‌ಗಳನ್ನು ನಿದ್ದೆಗೆ ಹಾಕುವ ಮೆಮೊರಿ ಸೇವರ್ ಕೂಡ ಇದೆ. ಅಂದರೆ ಕಂಪ್ಯೂಟರಿನ ಮೆಮೊರಿ ಬಗ್ಗೆ ನಾವು ಇಂಜಿನಿಯರ್‌ಗಳು ಸಾಕಷ್ಟು ತಲೆ ಕೆಡಿಸಿಕೊಂಡಿದ್ದೇವೆ. ಮನುಷ್ಯರ ನೆನಪಿನ ಬಗ್ಗೆ ಅಷ್ಟಿಲ್ಲ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಓದಿದಾಗ ನನ್ನನ್ನೇ ನೋಡಿ ಬರೆದ ಹಾಗಿತ್ತು. ಜನ ಟ್ಯಾಬ್‌ಗಳನ್ನು ನೆನಪೋಲೆಯಂತೆ ಇಟ್ಟುಕೊಳ್ಳುತ್ತಾರೆ, ಮುಚ್ಚಿದರೆ ಕಳೆದೇ ಹೋಗುತ್ತೆ ಅನ್ನೋ ಭಯ, ತೆರೆದಿಟ್ಟರೆ ರಾಶಿ ನೋಡಿ ಒತ್ತಡ. ಹಾಗಾಗಿ "ಎಲ್ಲ ಮುಚ್ಚಿಬಿಡಿ, ಆರಾಮಾಗಿರಿ" ಅನ್ನುವ ಉಪದೇಶ ಯಾರಿಗೂ ನಾಟಲ್ಲ.

ಒಂದು ಶನಿವಾರ ಕೂತು ನಾನೇ ಒಂದು ಪುಟ್ಟ ಎಕ್ಸ್‌ಟೆನ್ಷನ್ ಬರೆದೆ. ಹೊಸ ಟ್ಯಾಬ್ ತೆರೆದಾಗಲೆಲ್ಲ "ಯಾಕೆ? ಯಾವಾಗಿನೊಳಗೆ?" ಅಂತ ಕೇಳುತ್ತಿತ್ತು. ಸೋಮವಾರದ ಹೊತ್ತಿಗೆ ನಾನು ಎಲ್ಲಕ್ಕೂ "ಆಮೇಲೆ" ಅಂತ ಟೈಪ್ ಮಾಡುತ್ತಿದ್ದೆ! ಬಾಗಿಲಲ್ಲೇ ನಿಂತು ಪ್ರಶ್ನೆ ಕೇಳಿದರೆ ಯಾರಿಗಾದರೂ ಕಿರಿಕಿರಿಯೇ.

ಆಮೇಲೆ ಬದಲಾಯಿಸಿದೆ. ಈಗ ಅದು ಮೂರು ದಿನ ಮುಟ್ಟದ ಟ್ಯಾಬ್ ಬಗ್ಗೆ ಮಾತ್ರ, ದಿನಕ್ಕೊಂದೇ ಸಲ ಕೇಳುತ್ತೆ. ಉತ್ತರ ಮೂರೇ: ಮಾಡಬೇಕಾದ್ದು, ಓದಬೇಕಾದ್ದು, ಸುಮ್ಮನೆ ನೋಡಿದ್ದು. ಮಾಡಬೇಕಾದ್ದಕ್ಕೆ ತಾರೀಖು ಕೊಡಲೇಬೇಕು, ಆ ದಿನ ಅದೇ ಎದುರಿಗೆ ಬಂದು ನಿಲ್ಲುತ್ತೆ. ಓದಬೇಕಾದ್ದು ಒಂದು ಪಟ್ಟಿಗೆ ಹೋಗುತ್ತೆ. ಸುಮ್ಮನೆ ನೋಡಿದ್ದು ತಾನಾಗಿ ಮುಚ್ಚಿಕೊಳ್ಳುತ್ತೆ, ಆದರೆ ಹುಡುಕಿದರೆ ಸಿಗುತ್ತೆ. 112ರಲ್ಲಿ ನಿಜವಾಗಿ ಮಾಡಬೇಕಾದ್ದು ಎಷ್ಟಿತ್ತು ಗೊತ್ತಾ? ಏಳು.

ನಿಮಗೆ ಎಕ್ಸ್‌ಟೆನ್ಷನ್ ಬೇಕಿಲ್ಲ, ಇರುವುದರಲ್ಲೇ ಆಗುತ್ತೆ. ದುಡ್ಡು ಕಟ್ಟುವುದು, ಅರ್ಜಿ ಹಾಕುವುದು, ಡಾಕ್ಟರ್ ಅಪಾಯಿಂಟ್‌ಮೆಂಟ್, ಹೀಗೆ ತಾರೀಖು ಇರುವುದೆಲ್ಲ ಕೂಡಲೇ ಫೋನಿನ ಕ್ಯಾಲೆಂಡರ್‌ಗೆ ಹೋಗಲಿ, ಲಿಂಕ್ ಸಮೇತ. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎ ಒಟ್ಟಿಗೆ ಒತ್ತಿದರೆ ತೆರೆದ ಟ್ಯಾಬ್‌ಗಳಲ್ಲೇ ಹುಡುಕಬಹುದು. ಐಫೋನಿನ ಸಫಾರಿ ಸೆಟ್ಟಿಂಗ್ಸ್‌ನಲ್ಲಿ ಟ್ಯಾಬ್‌ಗಳು ಒಂದು ದಿನ, ವಾರ ಅಥವಾ ತಿಂಗಳಿಗೆ ತಾವೇ ಮುಚ್ಚಿಕೊಳ್ಳುವ ಹಾಗೆ ಮಾಡಬಹುದು. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಟ್ಯಾಬ್ ನೂರು ಮುಟ್ಟಿದರೆ ಲೆಕ್ಕದ ಜಾಗದಲ್ಲಿ ಒಂದು ನಗುಮುಖ ಬರುತ್ತೆ, ನೋಡಿರ್ತೀರಿ. ಅದು ಮೆಚ್ಚುಗೆ ಅಂದುಕೋಬೇಡಿ!

ಮೊನ್ನೆ ಊರಿಗೆ ಹೋದಾಗ ಅಮ್ಮನನ್ನು ಕೇಳಿದೆ, "ಅವತ್ತು ನಿಂಗೆ ಇದ್ದಕ್ಕಿದ್ದ ಹಾಗೆ ಹೇಗೆ ನೆನಪಾಯ್ತು?"

"ಗ್ಯಾಸ್ ಯಾವತ್ತು ಬಂದಿತ್ತು ಅಂತ ಕ್ಯಾಲೆಂಡರಿನ ಹಿಂದಿನ ಹಾಳೆ ತಿರುವಿದೆ. ಅಲ್ಲೇ ಬರ್ಕೊಂಡಿದ್ದೆ, ಅಪ್ಪನ ಇನ್ಶೂರೆನ್ಸು ಅಂತ. ಕಟ್ಟಿದ್ರೆ ಗೆರೆ ಹೊಡೀತಿದ್ದೆ. ಗೆರೆ ಇರ್ಲಿಲ್ಲ."

ಏನು, ಯಾವಾಗ, ಆಯ್ತಾ ಇಲ್ವಾ. ಮೂರೂ ಅಡುಗೆಮನೆ ಗೋಡೆ ಮೇಲಿತ್ತು. ಮುಂದಿನ ವರ್ಷದ ತಾರೀಖನ್ನು ನನ್ನ ಫೋನಿನಲ್ಲಿ ಹಾಕಿಕೊಂಡಿದ್ದೇನೆ. ಆದರೂ ಹೊಸ ಕ್ಯಾಲೆಂಡರ್ ಬಂದ ಕೂಡಲೇ ಅದರಲ್ಲೂ ಬರೆದಿಡು ಅಂತ ಅಮ್ಮನಿಗೆ ಹೇಳಿ ಬಂದೆ.